ಹಂದಿ ಹಿಡಿಯುವುದಾದರೆ ಹಿಂಡನ್ನೇ ಹಿಡಿಯಬೇಕು

2024ರ ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಐದನೆಯ ತರಗತಿಯಲ್ಲಿ ಭಿನ್ನರಾಶಿಯ ಪಾಠ ಹೇಳುತ್ತಿದ್ದೆ. ಹಿಂದಿನ ಸಾಲಿನಲ್ಲಿ ಮೂವರು ಹುಡುಗರು ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋಗಿದ್ದರು. ಮಗು ಪಾಠದಲ್ಲಿ ತೂಕಡಿಸಿದರೆ ತಪ್ಪು ಪಾಠದ್ದೋ ಮೇಷ್ಟ್ರದ್ದೋ ಎಂದು ಮೊದಲು ನೋಡಿಕೊಳ್ಳಬೇಕೆಂದು ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಹಾಗೆಯೇ ನೋಡಿಕೊಂಡು ವಿಚಾರಿಸಲಾಗಿ, ತಪ್ಪು ಎರಡರದ್ದೂ ಅಲ್ಲ, ಕಾಡುಹಂದಿಯದು ಎಂದು ತಿಳಿದುಬಂತು. ಅಪ್ಪಂದಿರ ಜೊತೆ ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ಡಬ್ಬ ಬಡಿದು, ಬೆಳಗಿನ ಜಾವಕ್ಕೆ ಮನೆ ಸೇರಿ, ಒಂಬತ್ತಕ್ಕೆ ಶಾಲೆಗೆ ಬಂದಿದ್ದರು. ಅವರನ್ನು ಬೈಯುವ ಬಾಯಿ ನನಗಿರಲಿಲ್ಲ. ಆ ರಾತ್ರಿ ನಾನೂ ನನ್ನ ಹೊಲದ ಅಟ್ಟಣೆಯ ಮೇಲೆಯೇ ಇದ್ದವನು.

ನಮ್ಮದು ತಾಳವಾಡಿ ಸೀಮೆ. ಈರೋಡು ಜಿಲ್ಲೆಗೆ ಸೇರಿದ, ದಿಂಬಂ ಘಟ್ಟದ ಮೇಲಿನ ಕನ್ನಡ ನಾಡು. ಸುತ್ತಲೂ ಸತ್ಯಮಂಗಲದ ಕಾಡು. 2013ರಿಂದ ಅದು ಹುಲಿಗಳ ರಕ್ಷಿತ ಪ್ರದೇಶ. ಕಾಡಿನ ಅಂಚಿನಿಂದ ನಮ್ಮ ಹಳ್ಳಿಗೆ ಸುಮಾರು ಎರಡು ಕಿಲೋಮೀಟರು. ರಾಗಿ, ಮುಸುಕಿನ ಜೋಳ, ಆಲೂಗಡ್ಡೆ, ನೀರಿದ್ದವರಿಗೆ ಅರಿಸಿನ, ಕಬ್ಬು. ಇವುಗಳಲ್ಲಿ ಹಂದಿ ಬೇಡವೆನ್ನುವ ಬೆಳೆಯನ್ನು ನಾನಂತೂ ಹೆಚ್ಚು ಕಂಡಿಲ್ಲ.

ಹಂದಿ ತಿನ್ನುವುದಕ್ಕಿಂತ ಕೆಡಿಸುವುದೇ ಹೆಚ್ಚೆಂಬುದನ್ನು ಬೇಸಾಯಗಾರರಿಗೆ ಹೇಳಬೇಕಾಗಿಲ್ಲ. ಜೋಳದ ಹೊಲಕ್ಕೆ ನುಗ್ಗಿದರೆ ದಂಟನ್ನು ಎದೆಯಿಂದ ನೂಕಿ ಕೆಡವಿ, ತೆನೆಯ ಅರ್ಧ ತಿಂದು ಮುಂದಿನ ದಂಟಿಗೆ ಹೋಗುತ್ತದೆ. ಬಿತ್ತಿದ ಮರುದಿನವೇ ಬಂದರೆ ಸಾಲು ಹಿಡಿದು ಮೂತಿಯಿಂದ ಉತ್ತುಕೊಂಡು ಕಾಳು ಹೆಕ್ಕುತ್ತದೆ. ನಾವು ಬಿತ್ತನೆಯಲ್ಲಿ ಸಾಲು ತಪ್ಪಿದರೂ ಅದು ತಪ್ಪುವುದಿಲ್ಲ. ಆಲೂಗಡ್ಡೆಯ ಏರಿಗಳನ್ನಂತೂ ಬೆಳಗಾಗುವುದರೊಳಗೆ ಗದ್ದೆ ಕಲಸಿದಂತೆ ಮಾಡಿಹೋಗುತ್ತದೆ. 2024ರಲ್ಲಿ ನನ್ನ ಒಂದು ಎಕರೆ ಜೋಳದಲ್ಲಿ ಕೈಗೆ ಬಂದದ್ದು ಮೂರನೆಯ ಒಂದು ಪಾಲು. ಭಿನ್ನರಾಶಿಯ ಪಾಠಕ್ಕೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಸಂಕಟ ಹೀಗಿರುವಾಗ ಮನುಷ್ಯನಿಗೆ ಸುಲಭದ ದಾರಿ ಕಾಣುವುದು ಸಹಜ. ಆ ದಾರಿಗಳ ಮಾತನ್ನು ಮೊದಲೇ ಆಡಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನನ್ನ ಪಾಲೂ ಇದೆ. 2022ರಲ್ಲಿ ನಮ್ಮ ಹೊಲಗಳ ಕಡೆಯ ಕೆಲವರು ಹಂದಿಗೆ ಸಿಡಿಮದ್ದಿನ ಉಂಡೆ ತರಿಸುವುದೆಂದು ಚಂದಾ ಎತ್ತಿದರು. ಹಿಟ್ಟಿನ ಉಂಡೆಯೊಳಗೆ ಮದ್ದು ತುಂಬಿ ಬದುವಿನ ಮೇಲಿಡುವುದು, ಹಂದಿ ಕಚ್ಚಿದೊಡನೆ ಬಾಯಲ್ಲೇ ಸಿಡಿಯುವುದು. ಏನೆಂದು ಗೊತ್ತಿದ್ದೂ ನಾನು ನೂರು ರೂಪಾಯಿ ಕೊಟ್ಟೆ. ಮೂರನೆಯ ದಿನ ಮಧ್ಯಾಹ್ನ ಆ ಉಂಡೆಗಳಲ್ಲೊಂದನ್ನು ಕಚ್ಚಿದ್ದು ನನ್ನದೇ ಎರಡೂವರೆ ವರ್ಷದ ಕಡಸು. ಕೆಳದವಡೆ ಹಾರಿಹೋಗಿತ್ತು. ನೀರಿನ ಬಾನಿಯ ಹತ್ತಿರ ಬಂದು ನಿಂತುಕೊಳ್ಳುತ್ತಿತ್ತು, ಕುಡಿಯಲಾಗುತ್ತಿರಲಿಲ್ಲ. ನಾಲ್ಕನೆಯ ದಿನ ಸತ್ತಿತು. ನನ್ನ ಹೆಂಡತಿ ಇಂದಿಗೂ ಆ ಬಾನಿಯಲ್ಲಿ ದನಕ್ಕೆ ನೀರು ತುಂಬುವುದಿಲ್ಲ. ಉಂಡೆ ಇಟ್ಟವರು ಯಾರೆಂದು ನಾನು ಕೇಳಲಿಲ್ಲ. ಕೇಳುವ ಹಕ್ಕನ್ನು ನೂರು ರೂಪಾಯಿಗೆ ಮಾರಿಕೊಂಡಿದ್ದೆ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ, ಹಂದಿಗೆಂದು ಇಟ್ಟಿದ್ದ ಸಿಡಿಮದ್ದಿನ ಕಾಯನ್ನು ಕಚ್ಚಿ ಗಬ್ಬದ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟದ್ದು ದೇಶಕ್ಕೆಲ್ಲ ಗೊತ್ತು. ಕರೆಂಟಿನ ತಂತಿಯದು ಇನ್ನೂ ಘೋರ. 2023ರ ಮಾರ್ಚಿಯಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ, ಹೊಲದ ಸುತ್ತ ಎಳೆದಿದ್ದ ಕರೆಂಟು ತಂತಿಗೆ ಸಿಕ್ಕಿ ಮೂರು ಹೆಣ್ಣಾನೆಗಳು ಒಟ್ಟಿಗೆ ಸತ್ತವು. ಎರಡು ಮರಿಗಳು ತಾಯಿಯರ ಹೆಣಗಳನ್ನು ಸುತ್ತುತ್ತ ಉಳಿದವು. ಹೊಲದವನು ಜೈಲು ಕಂಡನು. 2025ರ ಜೂನಿನಲ್ಲಿ ಮಲಪ್ಪುರಂ ಜಿಲ್ಲೆಯ ವಳಿಕ್ಕಡವಿನಲ್ಲಿ, ಹಂದಿಗೆಂದು ಹಾಕಿದ್ದ ಅಂಥದೇ ತಂತಿಗೆ ತಗುಲಿ ಹದಿನೈದು ವರ್ಷದ ಶಾಲೆಯ ಹುಡುಗನೊಬ್ಬ ಸತ್ತನು. ಹುಡುಗರು ಗುಂಪಾಗಿ ಮೀನು ಹಿಡಿಯಲು ಹೋಗಿದ್ದರಂತೆ. ಆ ಸುದ್ದಿ ಓದಿದ ದಿನ ನಮ್ಮ ಶಾಲೆಯ ಹಾಜರಿ ಕೂಗುವಾಗ ನನ್ನ ಗಂಟಲು ಕಟ್ಟಿತು.

ಉರುಳೂ ಇದೇ ಜಾತಿಯದು. ಬೈಸಿಕಲ್ ಬ್ರೇಕಿನ ತಂತಿಯ ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು, ಮನೆಯ ನಾಯಿ ಯಾವುದು ಎಂಬ ಭೇದವಿಲ್ಲ.

ಪ್ರಾಣಿಯ ಗುಣ

ಹಂದಿಯನ್ನು ಗೆಲ್ಲಬೇಕಾದರೆ ಅದರ ಸಂಸಾರವನ್ನು ಅರಿಯಬೇಕು. ಹೆಣ್ಣುಗಳೂ ಮರಿಗಳೂ ಒಟ್ಟಾಗಿ ಹಿಂಡಿನಲ್ಲಿರುತ್ತವೆ. ಬೆಳೆದ ಗಂಡು ಒಂಟಿ. ಹೆಣ್ಣು ಬೆದೆಗೆ ಬಂದಾಗ ಮಾತ್ರ ಹಿಂಡಿಗೆ ಸೇರುತ್ತದೆ. ಹಿಂಡಿಗೆ ಒಬ್ಬ ಹಿರಿಯ ಹೆಣ್ಣು ಮುಂದಾಳು. ಅದು ಹೋದಲ್ಲಿ ಉಳಿದವು ಹೋಗುತ್ತವೆ, ಅದು ಹೆದರಿದ್ದಕ್ಕೆ ಉಳಿದವು ಹೆದರುತ್ತವೆ. ಕಣ್ಣು ಮಂದ, ಕಿವಿ ಚುರುಕು, ಮೂಗಂತೂ ಅಪಾರ. ಮಣ್ಣಿನ ಕೆಳಗೆ ಗೇಣುದ್ದ ಹೂತ ಗೆಡ್ಡೆಯನ್ನು ಮೇಲಿನಿಂದಲೇ ಪತ್ತೆ ಹಚ್ಚುತ್ತದೆ. ಮೈ ಬೆವರುವುದಿಲ್ಲವಾದ್ದರಿಂದ ಬಿಸಿಲಿನಲ್ಲಿ ಕೆಸರು ಹುಡುಕಿ ಹೊರಳುತ್ತದೆ. ನಿಮ್ಮ ಹೊಲಕ್ಕೆ ಬರುವ ಹಿಂಡು ಎಲ್ಲಿಂದ ಬರುತ್ತದೆಂದು ತಿಳಿಯಬೇಕಾದರೆ ಸುತ್ತಿನ ಕೆಸರುಗುಂಡಿಗಳನ್ನೂ, ಆಳೆತ್ತರಕ್ಕಿಂತ ಕೆಳಗೆ ಮಣ್ಣು ಮೆತ್ತಿ ನುಣುಪಾದ ಮರದ ಬೊಡ್ಡೆಗಳನ್ನೂ ನೋಡಬೇಕು. ಹೆಜ್ಜೆಯಲ್ಲಿ ಮುಂದಿನ ಎರಡು ಗೊರಸಿನ ಹಿಂದೆ ಅಗಲಕ್ಕೆ ಎರಡು ಚಿಕ್ಕ ಗುರುತು ಬಿದ್ದಿದ್ದರೆ ಹಂದಿ. ಗಟ್ಟಿ ನೆಲದಲ್ಲಿ ಜಿಂಕೆಗೆ ಆ ಗುರುತು ಬೀಳುವುದು ಅಪರೂಪ.

ಗಬ್ಬ ಸುಮಾರು 115 ದಿವಸ. ಒಂದು ಸೂಲಿಗೆ ನಾಲ್ಕರಿಂದ ಆರು ಮರಿಗಳು ಸಾಮಾನ್ಯ. ಇದನ್ನು ಕಪ್ಪುಹಲಗೆಯ ಮೇಲೆ ಮಕ್ಕಳಿಗೆ ಲೆಕ್ಕವಾಗಿ ಕೊಟ್ಟೆ. ಹಿಂಡಿನಲ್ಲಿ ಹದಿನಾಲ್ಕು, ಅದರಲ್ಲಿ ಈಯುವ ಹೆಣ್ಣು ಮೂರು. ಒಂದೊಂದು ವರ್ಷಕ್ಕೆ ಐದು ಈದರೆ ಹದಿನೈದು ಮರಿ. ಅರ್ಧ ಸತ್ತರೂ ಏಳು ಉಳಿದವು. ನಾವು ಕಷ್ಟಪಟ್ಟು ಎರಡು ಹಂದಿ ಹಿಡಿದರೆ ವರ್ಷದ ಕೊನೆಗೆ ಹಿಂಡಿನಲ್ಲಿ ಎಷ್ಟು? ಹತ್ತೊಂಬತ್ತು ಎಂದು ಹುಡುಗಿಯೊಬ್ಬಳು ತಟ್ಟನೆ ಹೇಳಿ, ಮತ್ತೇಕೆ ಹಿಡಿಯುವುದು ಸಾರ್ ಎಂದು ಕೇಳಿದಳು. ಈ ಲೇಖನ ಅವಳ ಪ್ರಶ್ನೆಗೆ ಉತ್ತರವೆಂದು ತಿಳಿಯಬಹುದು.

ಅಮೆರಿಕದವರು ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತರು. ಅಲ್ಲಿ ಹಂದಿ ಹುಟ್ಟು ಪ್ರಾಣಿಯಲ್ಲ. 1539ರಲ್ಲಿ ಸ್ಪೇನಿನ ಡಿ ಸೋಟೋ ಎಂಬ ದಂಡನಾಯಕ ಫ್ಲಾರಿಡಾಕ್ಕೆ ಆಹಾರಕ್ಕೆಂದು ತಂದ ಹಂದಿಗಳೂ, ಆಮೇಲೆ ತಪ್ಪಿಸಿಕೊಂಡವೂ, ಬೇಟೆಯ ಮೋಜಿಗೆ ಬಿಟ್ಟವೂ ಬೆಳೆದು ಈಗ ಲಕ್ಷಗಟ್ಟಲೆಯಾಗಿವೆ. ಬಂದೂಕು ಅಲ್ಲಿ ಮನೆಮನೆಯಲ್ಲಿದೆ, ಬೇಟೆಗೆ ಅಡ್ಡಿಯಿಲ್ಲ. ಆದರೂ ಹಂದಿ ಕಡಿಮೆಯಾಗಲಿಲ್ಲ. ಸಂಖ್ಯೆ ಏರದಿರಬೇಕಾದರೆ ವರ್ಷಕ್ಕೆ ನೂರಕ್ಕೆ ಸುಮಾರು 70 ಹಂದಿಗಳನ್ನು ತೆಗೆಯಬೇಕೆಂಬುದು ಅಲ್ಲಿಯ ತಿಳಿದವರ ಅಂದಾಜು. ಒಂದಕ್ಕೆ ಗುಂಡು ಹಾರಿಸಿದರೆ ಉಳಿದವು ಚದುರಿ ಪಕ್ಕದವನ ಹೊಲಕ್ಕೆ ಹೋಗುತ್ತವೆ, ಮತ್ತೆ ಬೋನಿಗೂ ಬರುವುದಿಲ್ಲ ಎಂದು ಕಂಡು, ಮಿಸ್ಸೂರಿ ಸಂಸ್ಥಾನದ ಸಂರಕ್ಷಣಾ ಇಲಾಖೆಯು 2016ರಲ್ಲಿ ತನ್ನ ಜಮೀನುಗಳಲ್ಲಿ ಹಂದಿ ಬೇಟೆಯನ್ನೇ ನಿಲ್ಲಿಸಿತು. ಬದಲಿಗೆ ಇಡೀ ಹಿಂಡನ್ನು ಒಮ್ಮೆಗೇ ಕೂಡುವ ದೊಡ್ಡಿಗಳನ್ನು ಹೂಡತೊಡಗಿತು. ನಮ್ಮ ಹಂದಿ ಅಂಥ ಪರದೇಶಿಯಲ್ಲ, ಈ ಕಾಡಿನದೇ. ಹುಲಿ, ಚಿರತೆ, ಸೀಳುನಾಯಿಗಳ ಆಹಾರ. ಅದನ್ನು ನಿರ್ಮೂಲ ಮಾಡುವ ಮಾತು ನಮಗೆ ಬೇಡ. ಹೊಲದ ರುಚಿ ಹತ್ತಿ ಕಾಡು ಮರೆತ ಹಿಂಡನ್ನು ಹೊಲದಿಂದ ತೆಗೆಯುವುದಷ್ಟೇ ನಮ್ಮ ಕೆಲಸ.

ಕಾಯಿದೆ ಏನು ಹೇಳುತ್ತದೆ

ನಮ್ಮ ಹೊಲ, ನಮ್ಮ ಬೋನು, ಹಿಡಿದರೆ ಯಾರೇನು ಕೇಳುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಬೋನಿಗೆ ಬೀಳಿಸುವುದು, ಉರುಳೊಡ್ಡುವುದು, ಆಸೆಗೆ ತಿಂಡಿ ಇಡುವುದು ಎಲ್ಲವೂ ಬೇಟೆಯೇ. ನಿಂತ ಪೈರಿಗೆ ಅಪಾಯವಾದಾಗ ಅಧಿಕಾರವುಳ್ಳವರು ಲಿಖಿತ ಅನುಮತಿ ಕೊಡಬಹುದೆಂದೂ ಅದೇ ಕಾಯಿದೆಯಲ್ಲಿದೆ. ಅನುಮತಿಯ ರೀತಿ ಮಾತ್ರ ರಾಜ್ಯ ರಾಜ್ಯಕ್ಕೆ ಬೇರೆ. ಗಡಿಯಾಚೆ ಹರಡಿಕೊಂಡಿರುವ ನಮ್ಮವರಿಗೆ ಇದೇ ದೊಡ್ಡ ತೊಡಕು. ಚಾಮರಾಜನಗರದ ನೆಂಟರು ಹೇಳಿದ ರೀತಿ ತಾಳವಾಡಿಯಲ್ಲಿ ನಡೆಯದು, ಕಾಸರಗೋಡಿನ ರೀತಿ ಎರಡೂ ಕಡೆ ನಡೆಯದು.

ತಮಿಳುನಾಡು ಸರಕಾರ 2025ರ ಜನವರಿಯಲ್ಲಿ ಹೊರಡಿಸಿದ ಆಜ್ಞೆಯನ್ನು ನಮ್ಮ ಊರಿನ ಅರಳಿಕಟ್ಟೆಯಲ್ಲಿ ನಾನೇ ಕನ್ನಡದಲ್ಲಿ ಓದಿ ಹೇಳಬೇಕಾಯಿತು. ಸಾರಾಂಶ ಇಷ್ಟು: ಕಾಯ್ದಿಟ್ಟ ಅರಣ್ಯದ ಗಡಿಯಿಂದ ಒಂದು ಕಿಲೋಮೀಟರಿನೊಳಗೆ ಹಂದಿಯನ್ನು ಹಿಡಿಯುವಂತೆಯೂ ಇಲ್ಲ, ಸುಡುವಂತೆಯೂ ಇಲ್ಲ. ಒಂದರಿಂದ ಮೂರು ಕಿಲೋಮೀಟರಿನವರೆಗೆ ಹಿಡಿದು ಕಾಡಿಗೆ ಬಿಡಬೇಕು. ಮೂರರ ಆಚೆ ಮಾತ್ರ ಸುಡಬಹುದು. ಅದೂ ಅರಣ್ಯ ಇಲಾಖೆಯ ತರಬೇತಾದ ಸಿಬ್ಬಂದಿಯಿಂದಲೇ ಹೊರತು ರೈತನಿಂದಲ್ಲ. ಕೇರಳದಲ್ಲಿ 2022ರ ಮೇ ತಿಂಗಳಿನಲ್ಲಿ ಪಂಚಾಯತಿ ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪಾಲಕರ ಅಧಿಕಾರ ಕೊಟ್ಟು, ಲೈಸೆನ್ಸ್ ಬಂದೂಕು ಉಳ್ಳವರಿಂದ ಹಂದಿ ಸುಡಿಸಲು ಅವಕಾಶ ಮಾಡಿದರು. ವಿಷ, ಸಿಡಿಮದ್ದು, ಕರೆಂಟು ಅಲ್ಲಿಯೂ ನಿಷಿದ್ಧ. ಕಾಸರಗೋಡು, ವಯನಾಡಿನ ವಾಚಕರು ತಮ್ಮ ಪಂಚಾಯತಿಯಲ್ಲಿ ವಿಚಾರಿಸಬೇಕು. ಉಳಿದ ಗಡಿಗಳವರು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರೆಸಿಯೇ ತೆಗೆದುಕೊಳ್ಳತಕ್ಕದ್ದು. ಬಾಯಿಮಾತಿನ ಅನುಮತಿ ಬಾಯಿಮಾತಿನಲ್ಲೇ ಹೋಗುತ್ತದೆ.

ನಮ್ಮ ಮೊದಲ ಬೋನು

ನಮ್ಮ ಹಳ್ಳಿ ಎರಡನೆಯ ಪಟ್ಟಿಯಲ್ಲಿ, ಎಂದರೆ ಹಿಡಿದು ಬಿಡುವ ಪಟ್ಟಿಯಲ್ಲಿ ಬಂತು. ಹನ್ನೊಂದು ಮನೆಯವರು ಸೇರಿ ಅರ್ಜಿ ಕೊಟ್ಟೆವು. 2025ರ ಮಾರ್ಚಿಯಲ್ಲಿ ಕಬ್ಬಿಣದ ಒಂದು ಬೋನು ಬಂತು; ಆಳುದ್ದ, ಮೊಳ ಅಗಲ, ಒಳಗೆ ತುಳಿದರೆ ಬಾಗಿಲು ಬೀಳುವ ಹಲಗೆ. ಮೊದಲನೆಯ ರಾತ್ರಿಯೇ ಅರ್ಧ ಬೆಳೆದ ಒಂದು ಹಂದಿ ಬಿತ್ತು. ಊರಿಗೆ ಊರೇ ಹಬ್ಬವೆಂಬಂತೆ ನೋಡಲು ಬಂತು. ಆಮೇಲೆ ಒಂದು ತಿಂಗಳು ಆ ಬೋನು ಖಾಲಿ. ನೆಲ ಗುಡಿಸಿ ಬೂದಿ ಎರಚಿ ಬೆಳಿಗ್ಗೆ ನೋಡಿದರೆ, ಹೆಜ್ಜೆಗಳು ಬೋನನ್ನು ದೂರದಿಂದಲೇ ಸುತ್ತುಹಾಕಿ ಹೋಗಿರುತ್ತಿದ್ದವು. ಆ ಮರಿ ರಾತ್ರಿಯೆಲ್ಲ ಕಿರುಚುವುದನ್ನು ಹಿಂಡೆಲ್ಲ ಕೇಳಿತ್ತಲ್ಲ! ಒಂದು ಹಂದಿಯನ್ನು ಹಿಡಿದು ಹದಿನಾಲ್ಕು ಹಂದಿಗಳಿಗೆ ಪಾಠ ಕಲಿಸಿದ್ದೆವು. ನಾನು ಇಪ್ಪತ್ತು ವರ್ಷದಿಂದ ಪಾಠ ಹೇಳುವವನು, ಇಷ್ಟು ಬೇಗ ಕಲಿತ ತರಗತಿಯನ್ನು ಕಂಡಿಲ್ಲ.

ದೊಡ್ಡಿ ಕಟ್ಟಿದ ಬಗೆ

ಆಮೇಲೆ ಅರಣ್ಯದ ಸಿಬ್ಬಂದಿಯ ಒಪ್ಪಿಗೆಯಿಂದ ದುಂಡನೆಯ ದೊಡ್ಡಿ ಕಟ್ಟುವುದೆಂದು ಗೊತ್ತಾಯಿತು. ಕಾಲ ಯಾವುದೆಂಬುದು ಇಲ್ಲಿ ಮುಖ್ಯ. ಹೊಲದಲ್ಲಿ ಹಾಲುತೆನೆ ತೂಗುತ್ತಿರುವಾಗ ನಿಮ್ಮ ಹಿಡಿ ಕಾಳಿಗೆ ಹಂದಿ ಏಕೆ ಬಂದೀತು? ಜೋಳ ಮೊಳಕಾಲೆತ್ತರ ಇರುವಾಗ, ತಿನ್ನಲು ಬೇರೇನೂ ಸಿಗದಿರುವಾಗ ಹೂಡಬೇಕು. ನಾವು ಜೂನ್ ಮೊದಲ ವಾರ ಹಿಡಿದುಕೊಂಡೆವು.

ಜಾಗವನ್ನು ನಾವು ಆರಿಸಲಿಲ್ಲ, ಹಂದಿಗಳೇ ಆರಿಸಿದವು. ಕೆಸರುಗುಂಡಿಯಿಂದ ಹೊಲಕ್ಕೆ ಬರುವ ಅವುಗಳ ಕಾಲುದಾರಿಯ ಪಕ್ಕ, ಹೊಂಗೆಯ ನೆರಳು ಬೀಳುವ ಬೀಳು ನೆಲ. ಮೊದಲ ಆರು ದಿನ ಕಂಬವೂ ಇಲ್ಲ, ತಂತಿಯೂ ಇಲ್ಲ, ತಿಂಡಿ ಮಾತ್ರ. ಮುಸುಕಿನ ಜೋಳವನ್ನು ಮುಚ್ಚಳದ ಡ್ರಮ್ಮಿನಲ್ಲಿ ನೀರು ಹಾಕಿ ಬಿಸಿಲಿಗಿಟ್ಟು ನಾಲ್ಕೈದು ದಿನ ಹುಳಿಯಲು ಬಿಟ್ಟೆವು. ಆ ವಾಸನೆಗೆ ಮನುಷ್ಯ ಹತ್ತಿರ ನಿಲ್ಲಲಾರ, ಹಂದಿಗೆ ಅದು ಮದುವೆಮನೆ. ಕಾಳನ್ನು ಮೇಲೆ ಚೆಲ್ಲದೆ, ಹಾರೆಯಿಂದ ಅಡಿಯಾಳದ ಗುಳಿ ತೋಡಿ ಹಿಡಿ ಹಿಡಿ ಹಾಕಿ ಮಣ್ಣು ಮುಚ್ಚಬೇಕು. ಹೀಗೆ ಮಾಡಿದರೆ ನವಿಲು, ಜಿಂಕೆ, ದನ ಮುಟ್ಟುವುದಿಲ್ಲ. ಮೂತಿಯಿಂದ ಅಗೆಯಬಲ್ಲದ್ದು ಮಾತ್ರ ತಿನ್ನುತ್ತದೆ. ಬಾಳೆ, ಹಲಸು, ಬೆಲ್ಲ ನಮ್ಮ ಕಡೆ ಹತ್ತಿರವೂ ತರಕೂಡದು, ಏಕೆಂದರೆ ಅದರ ವಾಸನೆಗೆ ಬರುವ ಅತಿಥಿ ಬೇರೆ.

ದೊಡ್ಡಿಯ ಅಡ್ಡಗಲ 25 ಅಡಿ. ಸುತ್ತಳತೆ ಎಷ್ಟಾಗುತ್ತದೆಂದು ಏಳನೆಯ ತರಗತಿಯ ಮಕ್ಕಳೇ ಲೆಕ್ಕ ಹಾಕಿಕೊಟ್ಟರು: ಎಪ್ಪತ್ತೆಂಟೂವರೆ ಅಡಿಗೆ ತುಸು ಹೆಚ್ಚು. ಮೂಲೆ ಎಂಬುದು ಇರಲೇಕೂಡದು. ಮೂಲೆಯಿದ್ದರೆ ಗಾಬರಿಯಾದ ಹಂದಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು, ಕೆಳಗಿನದು ಸತ್ತು ಮೇಲಿನದು ಹಾರಿಹೋಗುತ್ತದೆ. ಐದಡಿ ಎತ್ತರದ ಬೆಸುಗೆ ಜಾಲರಿ, ಕಣ್ಣು ನಾಲ್ಕು ಅಂಗುಲ. ಇದಕ್ಕಿಂತ ದೊಡ್ಡದಾದರೆ ಪಟ್ಟೆಮರಿಗಳು ನುಸುಳುತ್ತವೆ. ಐದೈದು ಅಡಿಗೊಂದು ಗಟ್ಟಿ ಕಂಬ, ಎರಡಡಿ ನೆಲದೊಳಕ್ಕೆ. ಜಾಲರಿಯನ್ನು ಕಂಬದ ಒಳಮಗ್ಗುಲಿಗೆ ಕಟ್ಟಬೇಕು, ಹಂದಿ ನುಗ್ಗಿದಾಗ ಭಾರ ಕಂಬದ ಮೇಲೆ ಬೀಳಲಿ. ಹೊರಮಗ್ಗುಲಿಗೆ ಕಟ್ಟಿದರೆ ಕಟ್ಟು ಬಿಚ್ಚಿಕೊಂಡು ಹೋಗುತ್ತದೆ. ಕೆಳಅಂಚನ್ನು ಅಡಿಯಷ್ಟು ಒಳಕ್ಕೆ ಮಡಿಸಿ ಮಣ್ಣು ಮುಚ್ಚಬೇಕು, ಇಲ್ಲವಾದರೆ ಬುಡ ಎತ್ತಿ ಹೋಗುವುದು ಅದಕ್ಕೆ ಎಷ್ಟರ ಕೆಲಸ. ಮೇಲೆ ಚಾವಣಿ ಬೇಡ. ಬೇರೆ ಪ್ರಾಣಿ ಒಳಗೆ ಸಿಕ್ಕಿಬಿದ್ದರೆ ಹಾರಿಯೋ ಹತ್ತಿಯೋ ಹೋಗಲಿ.

ಬಾಗಿಲು ನಾಲ್ಕಡಿಗೆ ಕಡಿಮೆಯಿರಬಾರದು. ಮೇಲಿನಿಂದ ಗಾಡಿಯಲ್ಲಿ ಜಾರಿ ಬೀಳುವ ಹಲಗೆ, ಅದನ್ನು ಹಿಡಿದಿರುವ ಗೂಟಕ್ಕೆ ಹಗ್ಗ, ಹಗ್ಗದ ತುದಿ ನೂರು ಮಾರು ದೂರದ ಅಟ್ಟಣೆಯಲ್ಲಿ. ತುಳಿದರೆ ತಾನೇ ಬೀಳುವ ಬಾಗಿಲನ್ನು ನಾವು ಬೇಡವೆಂದೆವು, ಅದು ಮೊದಲು ಬಂದ ಮರಿಗೇ ಬಿದ್ದುಬಿಡುತ್ತದೆ. ಬಾಗಿಲು ಬೀಳಿಸುವ ತೀರ್ಮಾನವನ್ನು ಮನುಷ್ಯನೇ ಮಾಡಬೇಕು. ಅಮೆರಿಕದಲ್ಲಿ ದೊಡ್ಡಿಯಲ್ಲಿರುವ ಕ್ಯಾಮೆರಾ ಚಿತ್ರವನ್ನು ಮೊಬೈಲಿಗೆ ಕಳಿಸಿ, ಮನೆಯ ಹಾಸಿಗೆಯಿಂದಲೇ ಬಾಗಿಲು ಬೀಳಿಸುತ್ತಾರೆ. ನಮಗೆ ಅರಣ್ಯದವರ ಒಂದು ಕ್ಯಾಮೆರಾ ಎರವಲು ಸಿಕ್ಕಿತು. ಬಾಗಿಲಿಗೆ ಹಗ್ಗವೇ ಗತಿ. ಅಟ್ಟಣೆ ಗಾಳಿಯ ಕೆಳದಿಕ್ಕಿಗೆ ಇರಬೇಕು, ಬೀಡಿ ಸೇದುವವರನ್ನು ಅಲ್ಲಿಗೆ ಹತ್ತಿಸಕೂಡದು.

ಇದನ್ನೆಲ್ಲ ಒಂದೇ ದಿನ ನಿಲ್ಲಿಸಿದರೆ ಹಂದಿ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಏಳನೆಯ ದಿನ ಕಂಬ ಮಾತ್ರ ನೆಟ್ಟೆವು. ಎರಡು ದಿನ ಬಿಟ್ಟು ಅರ್ಧಸುತ್ತು ಜಾಲರಿ. ಆಮೇಲೆ ಉಳಿದ ಅರ್ಧ, ಬಾಗಿಲಿನ ಜಾಗ ಬರಿದು. ತಿಂಡಿಯ ಗುಳಿಗಳನ್ನು ದಿನದಿನಕ್ಕೆ ಒಳಕ್ಕೆ ಸರಿಸುತ್ತ ಹೋದೆವು. ತಿಂಡಿ ಇಡಲು ಹೋಗುವವನು ಒಬ್ಬನೇ, ಒಂದೇ ಹೊತ್ತಿಗೆ. ಆ ಕೆಲಸಕ್ಕೆ ಊರಿನಲ್ಲಿ ಬಹಳ ಮಂದಿ ಮುಂದೆ ಬಂದರು, ಕಾಯುವ ಕೆಲಸಕ್ಕೆ ಅಷ್ಟು ಬರಲಿಲ್ಲ.

ಇಪ್ಪತ್ತನಾಲ್ಕು ರಾತ್ರಿ

ಕ್ಯಾಮೆರಾದಲ್ಲಿ ಎಣಿಸಿದಾಗ ಹಿಂಡು ಮತ್ತೆ ಹದಿನಾಲ್ಕೇ ಆಗಿತ್ತು: ದೊಡ್ಡ ಹೆಣ್ಣು ಮೂರು, ಅರ್ಧ ಬೆಳೆದವು ನಾಲ್ಕು, ಪಟ್ಟೆಮರಿಗಳು ಏಳು. ಹೆಣ್ಣುಗಳಲ್ಲಿ ಒಂದರ ಎಡಕಿವಿ ಹರಿದಿತ್ತು, ಅದೇ ಮುಂದಾಳು. ಮಾರ್ಚಿಯ ಬೋನನ್ನು ಅದು ಮರೆತಿರಲಿಲ್ಲ. ಮರಿಗಳು ಒಳಗೆ ನುಗ್ಗಿ ತಿನ್ನುತ್ತಿದ್ದರೆ ಅದು ಹೊರಗೆ ನಿಂತು ಗಾಳಿ ಮೂಸುತ್ತಿತ್ತು.

ಹನ್ನೊಂದನೆಯ ರಾತ್ರಿ ನಾವು ಅಂಜಿದ ಅತಿಥಿ ಬಂದೇ ಬಂತು. ಒಂಟಿ ಆನೆ ಜಾಲರಿಯ ಒಂದು ಪಕ್ಕವನ್ನು ಹಪ್ಪಳದಂತೆ ಮಲಗಿಸಿ, ಗುಳಿಗಳನ್ನು ಕಾಲಿನಿಂದ ಕೆದಕಿ ಹೋಯಿತು. ಅಟ್ಟಣೆಯಲ್ಲಿದ್ದ ನಾವು ಮೂವರು ಉಸಿರು ಬಿಡಲಿಲ್ಲ. ಆನೆಯ ಓಡಾಟವಿರುವಲ್ಲಿ ಅರಣ್ಯದವರಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದೆಂದು ನಾನು ಹೇಳುವುದು ಕಾಯಿದೆಯ ಭಯದಿಂದ ಮಾತ್ರವಲ್ಲ. ನಾಲ್ಕು ರಾತ್ರಿ ತಿಂಡಿ ನಿಲ್ಲಿಸಿ, ಆನೆ ದೂರ ಹೋಯಿತೆಂದು ಕಾವಲುಗಾರರು ಹೇಳಿದ ಮೇಲೆ ಮತ್ತೆ ಮೊದಲಿನಿಂದ ಹೂಡಿದೆವು.

ಹತ್ತೊಂಬತ್ತನೆಯ ರಾತ್ರಿ ಒಂಬತ್ತು ಒಳಗಿದ್ದವು. ನನ್ನ ಪಕ್ಕದ ಹೊಲದವನು ಹಗ್ಗಕ್ಕೆ ಕೈ ಹಾಕಿ, ಎಳೆದುಬಿಡೋಣ ಮೇಷ್ಟ್ರೇ, ಒಂಬತ್ತು ಕಡಿಮೆಯಾಯಿತೇ ಎಂದನು. ಅವನ ಮಾತಿನಲ್ಲಿ ನ್ಯಾಯವಿತ್ತು. ಸಾಲ ಮಾಡಿ ಆಲೂಗಡ್ಡೆ ಹಾಕಿದ್ದನು. ಅರಣ್ಯದ ಕಾವಲುಗಾರ ಅವನ ಕೈ ಹಿಡಿದುಕೊಂಡು, ಹೊರಗಿರುವ ಐದರಲ್ಲಿ ಎರಡು ಈಯುವ ಹೆಣ್ಣು ಎಂದಷ್ಟೇ ಹೇಳಿದನು. ಆ ರಾತ್ರಿ ಹಂದಿಗಳು ಹೊಟ್ಟೆತುಂಬ ತಿಂದು ನಮ್ಮ ಕಣ್ಣೆದುರೇ ಹೊರಟುಹೋದವು. ಮಾರನೆಯ ದಿನ ಪಕ್ಕದವನು ನನ್ನೊಡನೆ ಮಾತಾಡಲಿಲ್ಲ.

ಇಪ್ಪತ್ತನಾಲ್ಕನೆಯ ರಾತ್ರಿ ಹದಿಮೂರು ಒಳಗೆ. ಹರಿದ ಕಿವಿಯದು ಹೊಸ್ತಿಲಲ್ಲಿ ಮೂತಿ ಇಟ್ಟು ಅರ್ಧ ಗಂಟೆ ನಿಂತಿತು. ಒಂದು ಕಾಲು ಒಳಗೆ, ಮತ್ತೆ ಹಿಂದಕ್ಕೆ. ಆ ಸಂಜೆಯೇ ಕೆಳಗಿನ ಬದುವಿನಲ್ಲಿ ಆನೆಯ ಹೊಸ ಹೆಜ್ಜೆ ಕಂಡಿತ್ತು; ಇನ್ನೊಂದು ರಾತ್ರಿ ತಿಂಡಿ ಇಡುವ ಹಾಗಿರಲಿಲ್ಲ. ಕಾವಲುಗಾರ ಹಗ್ಗ ಎಳೆದನು. ಬಾಗಿಲು ಬಿದ್ದ ಸದ್ದಿಗೆ ಅದು ಒಂದೇ ನೆಗೆತಕ್ಕೆ ಕತ್ತಲೆಯಲ್ಲಿ ಮಾಯವಾಯಿತು.

ಬಿದ್ದ ಮೇಲೆ ಯಾರೂ ಹತ್ತಿರ ಹೋಗಲಿಲ್ಲ, ಬೆಳಕು ಹಾಕಲಿಲ್ಲ. ಜಾಲರಿಯ ಸುತ್ತ ಟಾರ್ಪಾಲು ಎಳೆದು ಮರೆ ಮಾಡಿದರೆ ಹಂದಿಗಳು ಬೇಗ ಶಾಂತವಾಗುತ್ತವೆ. ಬಿಸಿಲೇರುವ ಮುನ್ನ ಸಾಗಿಸಿಬಿಡಬೇಕು, ಬೆವರದ ಪ್ರಾಣಿ ಬಿಸಿಲಿಗೆ ಸಾಯುತ್ತದೆ. ಹಲಗೆಗಳ ಇಕ್ಕಟ್ಟಾದ ಓಣಿ ಮಾಡಿ ಬೋನುಗಳಿಗೆ ಹತ್ತಿಸಿ, ಏಳೂವರೆಗೆ ಅರಣ್ಯದ ಲಾರಿ ಹೊರಟಿತು. ಒಂದು ಪಟ್ಟೆಮರಿ ತುಳಿತಕ್ಕೆ ಸಿಕ್ಕಿ ಸತ್ತಿತ್ತು. ಅದನ್ನು ಪಟ್ಟಿಯಲ್ಲಿ ಬರೆಸಿ ಆಳವಾಗಿ ಹೂಳಿದೆವು.

ಮಾಂಸದ ಮಾತು ಬರದೆ ಇರಲಿಲ್ಲ. ಹದಿಮೂರರಲ್ಲಿ ಒಂದು ಕಡಿಮೆಯಾದರೆ ಯಾರಿಗೆ ತಿಳಿಯುತ್ತದೆ ಎಂದು ಹಿರಿಯರೊಬ್ಬರೇ ಕೇಳಿದರು. ಕಾಡುಪ್ರಾಣಿ ಸತ್ತರೂ ಅದು ಸರಕಾರದ ಸ್ವತ್ತು, ತಿಂದವನಿಗೆ ಜೈಲು ಎಂಬುದು ಒಂದು. 2023ರ ಆರಂಭದಲ್ಲಿ ಮುದುಮಲೆಯ ಕಾಡುಹಂದಿಗಳು ಆಫ್ರಿಕನ್ ಹಂದಿಜ್ವರದಿಂದ ಸತ್ತದ್ದು ಇನ್ನೊಂದು. ಆ ರೋಗ ಮನುಷ್ಯರಿಗೆ ಬಾರದು. ಆದರೆ ಮಾಂಸ, ರಕ್ತ, ಕೊಯ್ದ ಕತ್ತಿಯ ಮೂಲಕ ಸಾಕುಹಂದಿಗೆ ಹತ್ತಿದರೆ ಕೊಟ್ಟಿಗೆಯೇ ಖಾಲಿಯಾಗುತ್ತದೆ, ಮದ್ದಿಲ್ಲ. ಹಂದಿ ಸಾಕುವ ಮನೆಗಳು ನಮ್ಮಲ್ಲೂ ಇವೆ. ಕಾಡಿನಲ್ಲಿ ಹಂದಿಗಳು ಕಾರಣವಿಲ್ಲದೆ ಸತ್ತು ಬಿದ್ದಿರುವುದು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸತಕ್ಕದ್ದು.

ಹಿಡಿದು ಕಾಡಿಗೆ ಬಿಟ್ಟವು ಮತ್ತೆ ಬರುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬರಬಹುದು. ಹತ್ತಿರ ಬಿಟ್ಟರೆ ಖಂಡಿತ ಬಂದಾವು. ದೂರ ಬಿಡಿಸುವಂತೆ ನಾವು ಒತ್ತಾಯ ಮಾಡಿದೆವು. ದೊಡ್ಡಿಯ ಜೊತೆ ಬೇಲಿಯೂ ಬೇಕೆಂಬುದು ನನ್ನ ಅಭಿಪ್ರಾಯ. ಸೌರಶಕ್ತಿಯ ಬೇಲಿ ಕ್ಷಣಕ್ಕೊಮ್ಮೆ ಮಿಡಿದು ಹೆದರಿಸುತ್ತದೆ, ಕೊಲ್ಲುವುದಿಲ್ಲ. ಮನೆಯ ಕರೆಂಟನ್ನು ನೇರ ತಂತಿಗೆ ಕೊಟ್ಟದ್ದು ಬೇಲಿಯಲ್ಲ, ನೇಣು. ಹಂದಿಗೆಂದು ಬೇಲಿ ಕಟ್ಟುವವರು ಕೆಳಗಿನ ಎಳೆಯನ್ನು ಗೇಣೆತ್ತರಕ್ಕೆ ಎಳೆಯಬೇಕು, ತಂತಿಗೆ ಹುಲ್ಲು ತಾಗದಂತೆ ವಾರಕ್ಕೊಮ್ಮೆ ಸವರಬೇಕು. ಅಷ್ಟು ಶಕ್ತಿಯಿಲ್ಲದವರು ನೆಲಗಡಲೆಯ ಸುತ್ತ ಕುಸುಬೆಯ ಮುಳ್ಳಿನ ಸಾಲುಗಳನ್ನೂ, ಜೋಳದ ಸುತ್ತ ಔಡಲವನ್ನೂ ಒತ್ತಾಗಿ ಹಾಕಿ ನೋಡಬಹುದು. ತೆಲಂಗಾಣದ ಕಡೆ ಕೃಷಿ ವಿಜ್ಞಾನಿಗಳು ಇದನ್ನು ಶಿಫಾರಸು ಮಾಡಿದ್ದಾರೆ. ಹಳೆಯ ಸೀರೆ ಕಟ್ಟುವುದು, ತಲೆಗೂದಲು ಎರಚುವುದು ಒಂದು ವಾರದ ಮಾತು. ಎಂಟನೆಯ ದಿನ ಹಂದಿ ಅದೇ ಸೀರೆಗೆ ಮೈ ಉಜ್ಜಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ.

2025ರ ಜೋಳದಲ್ಲಿ ನನಗೆ ನಾಲ್ಕರಲ್ಲಿ ಮೂರು ಪಾಲು ಕೈಗೆ ಬಂತು. ಪಕ್ಕದವನು ಆಲೂಗಡ್ಡೆ ಕಿತ್ತ ದಿನ ಒಂದು ಬುಟ್ಟಿ ತಂದು ಜಗುಲಿಯ ಮೇಲಿಟ್ಟು, ಮಾತಾಡದೆಯೇ ಹೋದನು. ಅಟ್ಟಣೆಯ ಕಾವಲು ದಿನಕ್ಕೊಮ್ಮೆ ಇದ್ದದ್ದು ವಾರಕ್ಕೆರಡಾಯಿತು, ಹು‍ಡುಗರನ್ನು ಯಾರೂ ಕರೆದುಕೊಂಡು ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಹರಿದ ಕಿವಿಯದರ ಹೆಜ್ಜೆ ಮತ್ತೆ ಕಂಡಿತು. ಅದರ ಜೊತೆಗೆ ಒಂಟಿ ಗಂಡಿನ ದೊಡ್ಡ ಹೆಜ್ಜೆ. ಎರಡೂ ದೊಡ್ಡಿಯ ಕಂಬಗಳಿಂದ ಇಪ್ಪತ್ತು ಮಾರು ದೂರದಲ್ಲೇ ತಿರುಗಿಹೋಗಿದ್ದವು. ಈಗ ಜಾಲರಿಯನ್ನೂ ಬಾಗಿಲನ್ನೂ ಬಿಚ್ಚಿ ನನ್ನ ಕೊಟ್ಟಿಗೆಯ ಹಿಂದೆ ಇಟ್ಟಿದ್ದೇವೆ. ಮುಂದಿನ ಸಲ ಬೇರೆ ಜಾಗ ನೋಡಬೇಕು. ಅಳತೆ ತೆಗೆದುಕೊಳ್ಳಬೇಕೆನ್ನುವವರು ಶನಿವಾರ ಮಧ್ಯಾಹ್ನ ಬರಬಹುದು, ಟೇಪು ನನ್ನಲ್ಲಿದೆ.